ಆಸ್ಪತ್ರೆಯ ಕಸವೂ ನಮ್ಮ ಹೊಣೆಯೂ



ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ನಾವು ಕೇಳುವ ಪ್ರಶ್ನೆಗಳು ಹಲವು. ಯಾವ ಆಸ್ಪತ್ರೆ ಒಳ್ಳೆಯದು, ವೈದ್ಯರ ಕೈಗುಣ ಹೇಗಿದೆ, ಎಷ್ಟು ದಿನ ಮಲಗಬೇಕಾದೀತು, ಖರ್ಚು ಎಷ್ಟಾದೀತು ಎಂದೆಲ್ಲ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಗುಣವಾಗಿ ಮನೆಗೆ ಬಂದ ಮೇಲೆ ದೇವರಿಗೆ ಕೈಮುಗಿದು ವೈದ್ಯರನ್ನು ಕೊಂಡಾಡುತ್ತೇವೆ. ಆದರೆ ಗಾಯದಿಂದ ಬಿಚ್ಚಿದ ಪಟ್ಟಿ ಎಲ್ಲಿಗೆ ಹೋಯಿತು, ತೋಳಿಗೆ ಚುಚ್ಚಿದ ಸೂಜಿಯನ್ನು ಆಮೇಲೆ ಯಾರು ಎತ್ತಿದರು, ರಕ್ತಪರೀಕ್ಷೆಗೆಂದು ತುಂಬಿಕೊಂಡ ಆ ಪುಟ್ಟ ನಳಿಗೆಯ ಗತಿ ಏನಾಯಿತು ಎಂದು ಕೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ. ಕಣ್ಣಿನಿಂದ ಮರೆಯಾದದ್ದು ಲೋಕದಿಂದಲೇ ಮರೆಯಾಯಿತೆಂದು ಭಾವಿಸುವುದು ಮನುಷ್ಯಸ್ವಭಾವ. ಮರೆಯಾದ ಆ ವಸ್ತು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕುರಿತು ಈ ಸಂಚಿಕೆಯಲ್ಲಿ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇವೆ.

ಮಠದ ಪತ್ರಿಕೆಯಲ್ಲಿ ಆಸ್ಪತ್ರೆಯ ಕಸದ ವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ಪತ್ರಿಕೆಯ ಓದುಗರಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಔಷಧದ ಅಂಗಡಿ ಇಟ್ಟವರಿದ್ದಾರೆ, ಆಸ್ಪತ್ರೆಗಳ ಆಡಳಿತ ಮಂಡಳಿಯಲ್ಲಿ ಕುಳಿತವರಿದ್ದಾರೆ. ಪ್ರಸಾದನಿಲಯದಲ್ಲಿ ಉಂಡು ಓದಿ ಮೇಲೆ ಬಂದ ಅನೇಕರು ಇಂದು ಈ ವೃತ್ತಿಗಳಲ್ಲಿದ್ದಾರೆ. ಉಳಿದವರೆಲ್ಲರೂ ಒಂದಲ್ಲ ಒಂದು ದಿನ ರೋಗಿಗಳಾಗಿಯೋ ರೋಗಿಯ ಬಂಧುಗಳಾಗಿಯೋ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೇ. ಆದುದರಿಂದ ಈ ವಿಷಯ ನಮ್ಮೆಲ್ಲರದು.

ಕಳೆದ ವರ್ಷ, ಹಿಂದೆ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ಈಗ ದಾವಣಗೆರೆಯಲ್ಲಿ ವೈದ್ಯರಾಗಿರುವ ಶಿಷ್ಯರೊಬ್ಬರು ಬಂದು, "ಬುದ್ಧಿ, ಆಸ್ಪತ್ರೆಗಳ ಸಿಬ್ಬಂದಿಗೆ ಕಸ ವಿಲೇವಾರಿಯ ತರಬೇತಿ ಏರ್ಪಡಿಸಿದ್ದೇವೆ. ಮೊದಲು ದಾವಣಗೆರೆಯಲ್ಲಿ, ಆಮೇಲೆ ಹರಿಹರದಲ್ಲಿ. ತಾವು ದಯಮಾಡಿಸಿ ಆಶೀರ್ವಚನ ನೀಡಬೇಕು" ಎಂದು ಕೇಳಿಕೊಂಡರು. ಆಶೀರ್ವಚನ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಉಳಿದ ಹೊತ್ತು ನಾವೂ ಕುಳಿತು ಕೇಳುವುದಾದರೆ ಬರುತ್ತೇವೆ ಎಂದು ಒಪ್ಪಿಕೊಂಡೆವು. ಎರಡೂ ಊರುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ದಾವಣಗೆರೆಯ ಪರಿಚಯವನ್ನು ನಿಮಗೆ ಮಾಡಿಕೊಡಬೇಕಾಗಿಲ್ಲ. ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಊರು ಇಂದು ವಿದ್ಯೆ ಮತ್ತು ವೈದ್ಯಕ್ಕೆ ಹೆಸರಾಗಿದೆ. 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಂದಿನಿಂದ ಇಲ್ಲಿ ವೈದ್ಯರು ತಯಾರಾಗುತ್ತಿದ್ದಾರೆ. ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ ಮೊದಲಾದ ದೊಡ್ಡ ಆಸ್ಪತ್ರೆಗಳ ಜೊತೆಗೆ ಬೀದಿಬೀದಿಯಲ್ಲಿ ನರ್ಸಿಂಗ್ ಹೋಮುಗಳೂ ಪ್ರಯೋಗಾಲಯಗಳೂ ಇವೆ. 1997ರ ಆಗಸ್ಟ್ 15ರಂದು ಜಿಲ್ಲಾಕೇಂದ್ರವಾದ ಮೇಲೆ ಇವು ಇನ್ನೂ ಹೆಚ್ಚಿದವು. ಜಗಳೂರು, ಚನ್ನಗಿರಿ, ಹೊನ್ನಾಳಿಗಳಿಂದ ಮಾತ್ರವಲ್ಲದೆ, ಈಗ ಬೇರೆ ಜಿಲ್ಲೆಗಳಲ್ಲಿರುವ ಹರಪನಹಳ್ಳಿ, ರಾಣೆಬೆನ್ನೂರುಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಗುಣ ಹೊಂದಿ ತಮ್ಮ ಊರಿಗೆ ಮರಳುತ್ತಾರೆ. ಆದರೆ ಅವರ ಗಾಯದ ಹತ್ತಿ, ಗ್ಲುಕೋಸ್ ಬಾಟಲಿ, ಸೂಜಿ ಇವೆಲ್ಲ ಇಲ್ಲಿಯೇ ಉಳಿಯುತ್ತವೆ. ಹತ್ತು ಊರಿನ ರೋಗ ಗುಣಪಡಿಸುವ ಊರು ಹತ್ತು ಊರಿನ ರೋಗದ ಕಸವನ್ನೂ ನಿರ್ವಹಿಸಬೇಕಾಗುತ್ತದೆ.

ಮೊದಲು ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಆಸ್ಪತ್ರೆಯಲ್ಲಿ ಹುಟ್ಟುವ ಕಸದಲ್ಲಿ ನೂರಕ್ಕೆ ಸುಮಾರು 85 ಪಾಲು ನಮ್ಮ ಮನೆಯ ಕಸದಂಥದೇ. ಕಾಗದ, ಹಣ್ಣಿನ ಸಿಪ್ಪೆ, ಊಟದ ಎಲೆ, ಔಷಧದ ರಟ್ಟಿನ ಪೆಟ್ಟಿಗೆ, ಇಂಥವು. ಉಳಿದ 15 ಪಾಲು ಮಾತ್ರ ಅಪಾಯಕಾರಿ. ಅದರಲ್ಲಿ ರಕ್ತ, ಕೀವು ಹತ್ತಿದ ಸೋಂಕಿನ ಪದಾರ್ಥವೂ ಸೂಜಿ, ಬ್ಲೇಡುಗಳೂ ರಾಸಾಯನಿಕಗಳೂ ಸೇರಿವೆ. ಹುಟ್ಟಿದ ಜಾಗದಲ್ಲಿಯೇ ಇವೆರಡನ್ನೂ ಬೇರೆ ಮಾಡಿದರೆ 15 ಪಾಲನ್ನಷ್ಟೇ ಎಚ್ಚರದಿಂದ ಸಾಗಿಸಿ ಸಂಸ್ಕರಿಸಿದರೆ ಸಾಕು. ಒಂದೇ ಬುಟ್ಟಿಗೆ ಸುರಿದಿರೋ, ನೂರಕ್ಕೆ ನೂರೂ ಅಪಾಯಕಾರಿಯೇ ಆಗುತ್ತದೆ. ಒಂದು ಹನಿ ಹುಳಿ ಬಿದ್ದ ಮೇಲೆ ಕೊಡದ ಹಾಲಿನಲ್ಲಿ ಇದು ಕೆಟ್ಟದ್ದು, ಇದು ಒಳ್ಳೆಯದು ಎಂದು ಬೇರ್ಪಡಿಸಲು ಬಂದೀತೆ? ಆಮೇಲೆ ಕೈಹಾಕಿ ವಿಂಗಡಿಸುವುದನ್ನು ನಿಯಮವೂ ಒಪ್ಪುವುದಿಲ್ಲ; ಬುದ್ಧಿಯುಳ್ಳವರು ಯಾರೂ ಒಪ್ಪಲಾರರು.

ನಿಯಮವೆಂದೆವು. ಅದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ನಮ್ಮ ದೇಶದಲ್ಲಿ ಬಹುಕಾಲ ಆಸ್ಪತ್ರೆಯ ಕಸ ಊರಿನ ತಿಪ್ಪೆಗೇ ಹೋಗುತ್ತಿತ್ತು. ದೆಹಲಿಯ ಕಸದ ಸಮಸ್ಯೆಯನ್ನು ಕುರಿತ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಆ ನಗರದ ದೊಡ್ಡ ಆಸ್ಪತ್ರೆಗಳು ತಮ್ಮ ಕಸವನ್ನು ಸುಡುವ ಕುಲುಮೆಗಳನ್ನಾಗಲಿ ಅದಕ್ಕೆ ಸಮನಾದ ಬೇರೆ ಏರ್ಪಾಟನ್ನಾಗಲಿ ಮಾಡಿಕೊಳ್ಳಬೇಕೆಂದು ಆದೇಶಿಸಿತು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1998ರ ಜುಲೈ ತಿಂಗಳಲ್ಲಿ ಮೊದಲ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೊರಬಂದವು. ಆಗ ಕಸವನ್ನು ಹತ್ತು ವರ್ಗಗಳಾಗಿ ವಿಂಗಡಿಸಿದ್ದರು. ಓದಿದವರಿಗೇ ನೆನಪಿಡಲು ಕಷ್ಟವಾದ ಆ ಪಟ್ಟಿಯನ್ನು ಕಸ ಗುಡಿಸುವವರು ನೆನಪಿಡುವುದೆಂತು? 2016ರ ಮಾರ್ಚ್ 28ರಂದು ಹೊಸ ನಿಯಮಗಳು ಬಂದು, ಎಲ್ಲವನ್ನೂ ನಾಲ್ಕು ಬಣ್ಣಗಳಿಗೆ ಇಳಿಸಿದವು.

ಆ ನಾಲ್ಕು ಬಣ್ಣಗಳನ್ನು ನೀವೂ ತಿಳಿದಿರುವುದು ಒಳ್ಳೆಯದು. ಹಳದಿ ಚೀಲಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದೇಹದ ಭಾಗ, ರಕ್ತ ಕೀವು ಹತ್ತಿದ ಹತ್ತಿ ಮತ್ತು ಪಟ್ಟಿ, ಅವಧಿ ಮೀರಿದ ಔಷಧಗಳು ಸೇರುತ್ತವೆ. ಕೆಂಪು ಚೀಲಕ್ಕೆ ಡ್ರಿಪ್ಪಿನ ಕೊಳವೆ, ಮೂತ್ರದ ಚೀಲ, ಕೈಗವಸು, ಸೂಜಿ ತೆಗೆದ ಸಿರಿಂಜು ಮುಂತಾದ ಪ್ಲಾಸ್ಟಿಕ್ಕು. ಚುಚ್ಚಿದರೂ ತೂತಾಗದ, ಒಳಗಿನದು ಕಾಣುವ ಬಿಳಿಯ ಗಟ್ಟಿ ಡಬ್ಬಿಗೆ ಸೂಜಿ, ಬ್ಲೇಡು ಮೊದಲಾದ ಹರಿತವಾದ ಲೋಹದ ವಸ್ತುಗಳು. ನೀಲಿ ಗುರುತಿನ ಪೆಟ್ಟಿಗೆಗೆ ಒಡೆದ ಗಾಜು, ಔಷಧದ ಸೀಸೆ. ಇಷ್ಟೇ. ಈ ಬಣ್ಣಗಳು ಅಂದಕ್ಕೆ ಬಂದವುಗಳಲ್ಲ. ಪ್ರತಿ ಬಣ್ಣಕ್ಕೂ ಮುಂದೆ ಒಂದು ದಾರಿಯುಂಟು. ಹಳದಿಯದು ಕುಲುಮೆಗೆ ಹೋಗಿ ಸುಡುತ್ತದೆ. ಆ ಕುಲುಮೆಯ ಎರಡನೆಯ ಕೋಣೆಯಲ್ಲಿ ಶಾಖವು 1,050 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಬೇಕು. ಕೆಂಪಿನದನ್ನು ಒತ್ತಡದ ಹಬೆಯಲ್ಲಿ ಬೇಯಿಸಿ, ಕ್ರಿಮಿ ಸತ್ತ ಮೇಲೆ ಚೂರುಮಾಡಿ ಪ್ಲಾಸ್ಟಿಕ್ಕನ್ನು ಮತ್ತೆ ಬಳಸಲು ಕಳಿಸುತ್ತಾರೆ. ಸಾಧಾರಣ ವಿಧಾನದಲ್ಲಿ 121 ಡಿಗ್ರಿಯ ಹಬೆಯಲ್ಲಿ ಒಂದು ಗಂಟೆ ಇಡಬೇಕು. ನಮ್ಮ ಅಡುಗೆಮನೆಯ ಕುಕ್ಕರಿನ ತತ್ತ್ವವೇ ಇದು. ಕೆಂಪಿನ ಪ್ಲಾಸ್ಟಿಕ್ಕು ತಪ್ಪಿ ಹಳದಿಗೆ ಬಿದ್ದರೆ ಕುಲುಮೆಯಲ್ಲಿ ಉರಿಯುತ್ತದೆ. ಕ್ಲೋರೀನುಳ್ಳ ಪ್ಲಾಸ್ಟಿಕ್ಕು ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟಿ ಹೊಗೆಯೊಡನೆ ಊರಿನ ಮೇಲೆ ಇಳಿಯುತ್ತದೆ. ವಾರ್ಡಿನಲ್ಲಿ ಒಂದು ಗೇಣು ಆಚೀಚೆ ಹಾಕಿದ್ದರ ಫಲ ಎಷ್ಟು ದೂರ ಹೋಗುತ್ತದೆ, ನೋಡಿರಿ.

ದಾವಣಗೆರೆಯ ತರಬೇತಿಯಲ್ಲಿ ಸುಮಾರು ನಲವತ್ತು ಮಂದಿ ಇದ್ದರು. ಪಾಠ ಹೇಳಿದವರು ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರು. ಅವರು ಭಾಷಣ ಮಾಡಲಿಲ್ಲ. ಮೇಜಿನ ಮೇಲೆ ಬಳಸದಿರುವ ಹೊಸ ಸಾಮಾನುಗಳನ್ನು ಹರಡಿ, ನಾಲ್ಕು ಬಣ್ಣದ ಡಬ್ಬಿಗಳನ್ನು ಇಟ್ಟು, ಒಬ್ಬೊಬ್ಬರನ್ನೇ ಕರೆದು ಯಾವುದು ಎಲ್ಲಿಗೆ ಎಂದು ಹಾಕಿಸಿದರು. ಕಸ ಗುಡಿಸುವವರೂ ಆಯಾಗಳೂ ಬಹುಪಾಲು ಸರಿಯಾಗಿಯೇ ಹಾಕಿದರು. ಓದು ಬರಹ ಬಾರದವರೂ ತಪ್ಪಲಿಲ್ಲ. ನಮಗೆ ಸಂತೋಷವಾಯಿತು. ಆಗ ಹಿಂದಿನ ಸಾಲಿನಿಂದ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. "ಡಬ್ಬಿ ಬಣ್ಣ ನಮಗೆ ಗೊತ್ತೈತಿ ಮೇಡಂ. ಆದ್ರೆ ನಾವು ಹಳದಿ ಚೀಲ ಎತ್ತೋ ಹೊತ್ತಿಗೆ ಅದ್ರಾಗೆ ಸೂಜಿ ಬಿದ್ದಿರ್ತಾವು. ಹಾಕಿದೋರು ಇಲ್ಲಿ ಯಾರು ಬಂದಾರೆ ಹೇಳ್ರಿ?" ಎಂದಳು.

ಸಭೆ ಸುಮ್ಮನಾಯಿತು. ಮುಂದಿನ ಎರಡು ಸಾಲಿನ ಕುರ್ಚಿಗಳು ವೈದ್ಯರಿಗೂ ಹಿರಿಯ ದಾದಿಯರಿಗೂ ಮೀಸಲಾಗಿದ್ದವು. ಅವುಗಳಲ್ಲಿ ಹೆಚ್ಚಿನವು ಬೆಳಗಿನಿಂದಲೂ ಖಾಲಿಯಿದ್ದವು.

ವಾಚಕರೆ, ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯೇ ಈ ಲೇಖನದ ತಿರುಳು. ಸೂಜಿಯನ್ನು ರೋಗಿಯ ತೋಳಿನಿಂದ ಹೊರಗೆ ತೆಗೆಯುವ ಕೈ ಒಂದು. ಅದನ್ನು ಕೊನೆಗೆ ಎತ್ತಿ ಸಾಗಿಸುವ ಕೈ ಇನ್ನೊಂದು. ಬಿಳಿಯ ಡಬ್ಬಿಗೆ ಹಾಕಲು ಮೊದಲ ಕೈಗೆ ಬೇಕಾಗುವುದು ಒಂದು ಕ್ಷಣದ ಎಚ್ಚರ. ಆ ಕ್ಷಣವನ್ನು ಉಳಿಸಿಕೊಂಡರೆ ಅದರ ಬೆಲೆಯನ್ನು ತೆರಬೇಕಾದದ್ದು ಕೊನೆಯ ಕೈ. ತರಬೇತಿಯನ್ನೆಲ್ಲ ಕೊನೆಯ ಕೈಗೆ ಕೊಟ್ಟು ಮೊದಲ ಕೈಯನ್ನು ಬಿಟ್ಟುಬಿಟ್ಟರೆ, ಮೇಲಿನ ಮನೆಯವರು ಚೆಲ್ಲುವ ನೀರಿಗೆ ಕೆಳಗಿನ ಮನೆಯವರಿಗೆ ಕೊಡೆ ಹಿಡಿಯಲು ಕಲಿಸಿದಂತಾಗುತ್ತದೆ.

ಆ ಬೆಲೆ ಎಷ್ಟೆಂಬುದನ್ನು ಪ್ರಾಧ್ಯಾಪಕಿಯವರು ವಿವರಿಸಿದರು. ಸೋಂಕುಳ್ಳವರ ರಕ್ತ ಹತ್ತಿದ ಸೂಜಿ ಚುಚ್ಚಿದಾಗ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ತಗಲುವ ಸಂಭವ ನೂರಕ್ಕೆ ಮೂವತ್ತರವರೆಗೂ ಇರಬಹುದು. ಹೆಪಟೈಟಿಸ್ ಸಿ ತಗಲುವ ಸಂಭವ ನೂರಕ್ಕೆ ಎರಡು ಮೂರು. ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಮೂರು. ಜನ ಹೆಚ್ಚಾಗಿ ಹೆದರುವುದು ಕೊನೆಯದಕ್ಕೆ. ಹೆಚ್ಚು ಎಚ್ಚರವಹಿಸಬೇಕಾದದ್ದು ಮೊದಲನೆಯದಕ್ಕೆ. ಅದಕ್ಕೆ ಲಸಿಕೆಯುಂಟು. ಆರು ತಿಂಗಳೊಳಗೆ ಮೂರು ಸಲ ಹಾಕಿಸಿಕೊಂಡರೆ ಮುಗಿಯಿತು. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಈ ಲಸಿಕೆಯನ್ನೂ ಧನುರ್ವಾತದ ಲಸಿಕೆಯನ್ನೂ ಆಸ್ಪತ್ರೆಯವರೇ ಹಾಕಿಸಬೇಕೆಂದು 2016ರ ನಿಯಮ ಹೇಳುತ್ತದೆ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕೆಂದೂ ಹೇಳುತ್ತದೆ.

ಊಟದ ವಿರಾಮದಲ್ಲಿ ಆ ಹೆಣ್ಣುಮಗಳು ನಮ್ಮ ಬಳಿ ಬಂದಳು. ಆಕೆ ಯಾವ ಆಸ್ಪತ್ರೆಯವಳೆಂದು ಹೇಳುವುದು ಇಲ್ಲಿ ಅನಗತ್ಯ. ಎರಡು ವರ್ಷದ ಹಿಂದೆ ಚೀಲದ ಬಾಯಿ ಕಟ್ಟಲೆಂದು ಕಸವನ್ನು ಒತ್ತಿದಾಗ ಸೂಜಿಯೊಂದು ಹೆಬ್ಬೆರಳಿಗೆ ನಾಟಿತಂತೆ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಕೆಲಸ ಮುಂದುವರಿಸಿದಳಂತೆ. ಯಾರಿಗೂ ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳಿದೆವು. "ಗುತ್ತಿಗೆ ಕೆಲ್ಸ ಬುದ್ಧಿ. ರೋಗ ಬಂದೈತಿ ಅಂತ ಗೊತ್ತಾದ್ರೆ ನಾಳೆಯಿಂದ ಬರಬೇಡ ಅಂತಾರೆ. ಮನ್ಯಾಗೆ ಇಬ್ರು ಓದೋ ಮಕ್ಳು ಅದಾರೆ" ಎಂದಳು. ಎರಡು ವರ್ಷದಿಂದ ಆ ಭಯವನ್ನು ಹೆಬ್ಬೆರಳಿನಲ್ಲಿ ಇಟ್ಟುಕೊಂಡು ಆಕೆ ದಿನವೂ ಕೆಲಸಕ್ಕೆ ಬರುತ್ತಿದ್ದಳು. ನಮ್ಮ ಶಿಷ್ಯರಾದ ವೈದ್ಯರು ಅಂದೇ ಆಕೆಯ ಪರೀಕ್ಷೆಗೆ ವ್ಯವಸ್ಥೆ ಮಾಡಿದರು. ಅದರ ಫಲಿತಾಂಶ ಆಕೆಯ ಸ್ವಂತದ್ದು. ಅದನ್ನು ನಾವು ಕೇಳಲಿಲ್ಲ. ಕೇಳಿದ್ದರೂ ಇಲ್ಲಿ ಬರೆಯುವಂತಿರಲಿಲ್ಲ. ಆ ಆಸ್ಪತ್ರೆಯಲ್ಲಿ ಗುತ್ತಿಗೆಯವರೂ ಸೇರಿದಂತೆ ಎಲ್ಲರಿಗೂ ಲಸಿಕೆಯಾಯಿತು ಎಂಬುದನ್ನು ಮಾತ್ರ ಹೇಳಬಲ್ಲೆವು.

ಸೂಜಿ ಚುಚ್ಚಿದರೆ ಏನು ಮಾಡಬೇಕೆಂಬುದನ್ನು ಇಲ್ಲಿಯೇ ಬರೆದುಬಿಡುತ್ತೇವೆ, ಯಾರಿಗಾದರೂ ಉಪಯೋಗವಾದೀತು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು, ಬಾಯಿಗಿಟ್ಟು ಚೀಪಬಾರದು. ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧ ಬೇಕೆಂದು ವೈದ್ಯರು ಹೇಳಿದರೆ ಅದನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ. 72 ಗಂಟೆ ಕಳೆದ ಮೇಲೆ ಅದರಿಂದ ಪ್ರಯೋಜನವಿಲ್ಲ. ಅಂದಮೇಲೆ ಹೇಳಲು ಹೆದರುವಂಥ ವಾತಾವರಣವೇ ರೋಗಕ್ಕೆ ಬಾಗಿಲು ತೆರೆದುಕೊಡುತ್ತದೆ. ಅಪಘಾತವನ್ನು ಬರೆದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಮಾಡಬೇಕೆಂಬ ನಿಯಮವಿರುವುದು ಯಾರನ್ನೂ ಕೆಲಸದಿಂದ ತೆಗೆಯುವುದಕ್ಕಲ್ಲ. ಇನ್ನೊಮ್ಮೆ ಹಾಗಾಗದಂತೆ ನೋಡಿಕೊಳ್ಳುವುದಕ್ಕೆ.

ಬಲ್ಲವರೇ ಕಲಿಯಬೇಕು ಎಂಬ ಮಾತಿಗೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ಸಾಕ್ಷ್ಯವಿದೆ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನಿದ್ದ. ವೈದ್ಯರು ಹೆರಿಗೆ ಮಾಡಿಸುವ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಹೆಚ್ಚಾಗಿ ಸಾಯುತ್ತಿದ್ದರು. ಸೂಲಗಿತ್ತಿಯರು ನೋಡಿಕೊಳ್ಳುವ ವಾರ್ಡಿನಲ್ಲಿ ಅಷ್ಟು ಸಾವಿರಲಿಲ್ಲ. ವೈದ್ಯರು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆಗೆ ಬರುತ್ತಿದ್ದುದೇ ಕಾರಣವೆಂದು ಕಂಡುಕೊಂಡ ಆತ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟು ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು ಹದಿನೆಂಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಆದರೂ ತಮ್ಮ ಕೈಯೇ ರೋಗ ತಂದಿತೆಂಬುದನ್ನು ಅನೇಕ ದೊಡ್ಡ ವೈದ್ಯರು ಒಪ್ಪಲಿಲ್ಲ. ನಮ್ಮ ದೇಶದಲ್ಲಿಯೂ ಈ ಎಚ್ಚರ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಗಾಯಾಳುವಿನ ಕೋಣೆ ಶುಚಿಯಾಗಿರಬೇಕೆಂದು ವಿಧಿಸಿ, ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪ ಹಾಕಲು ಹೇಳಿದೆ. ಶುಚಿಯೂ ಚಿಕಿತ್ಸೆಯ ಅಂಗವೇ. ಅದು ಕೆಳಗಿನವರ ಕೆಲಸ, ಚಿಕಿತ್ಸೆ ಮೇಲಿನವರ ಕೆಲಸ ಎಂಬ ವಿಭಾಗಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಇನ್ನು ಹರಿಹರದ ಮಾತು. ದಾವಣಗೆರೆಯಿಂದ ಹರಿಹರಕ್ಕೆ ಅರ್ಧ ಗಂಟೆಯ ದಾರಿ. ಆದರೆ ಅಲ್ಲಿಯ ತರಬೇತಿಗೆ ಬಂದವರು ಬೇರೆ ಬಗೆಯವರು. ತಾಲ್ಲೂಕು ಆಸ್ಪತ್ರೆಯ ಕೆಲವರನ್ನು ಬಿಟ್ಟರೆ ಉಳಿದವರು ಸಣ್ಣ ಚಿಕಿತ್ಸಾಲಯಗಳವರು. ಒಬ್ಬ ವೈದ್ಯ, ಒಬ್ಬ ಸಹಾಯಕ, ಒಂದು ಮೇಜು. "ನಮ್ಮಲ್ಲಿ ಹಾಸಿಗೆಯೇ ಇಲ್ಲ. ದಿನಕ್ಕೆ ಹತ್ತು ಇಂಜೆಕ್ಷನ್ ಆದರೆ ಹೆಚ್ಚು. ನಮಗೂ ಇದೆಲ್ಲ ಅನ್ವಯವೆ?" ಎಂದು ಒಬ್ಬರು ಕೇಳಿದರು. ಅನ್ವಯವಾಗುತ್ತದೆ. ಚಿಕಿತ್ಸಾಲಯ, ಪ್ರಯೋಗಾಲಯ, ಪಶುವೈದ್ಯಶಾಲೆ, ಆಯುರ್ವೇದದ ಆಸ್ಪತ್ರೆ, ಶಾಲೆಯ ಪ್ರಥಮ ಚಿಕಿತ್ಸೆಯ ಕೊಠಡಿ, ಲಸಿಕಾ ಶಿಬಿರ, ರಕ್ತದಾನ ಶಿಬಿರ ಎಲ್ಲವೂ 2016ರ ನಿಯಮದೊಳಗೆ ಬರುತ್ತವೆ. ಸಂಸ್ಕರಿಸದ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. 75 ಕಿಲೋಮೀಟರಿನೊಳಗೆ ಸಾಮಾನ್ಯ ಸಂಸ್ಕರಣಾ ಘಟಕದ ಸೇವೆ ದೊರೆಯುವಲ್ಲಿ ಯಾರೂ ತಮ್ಮದೇ ಘಟಕ ಕಟ್ಟಿಕೊಳ್ಳುವಂತಿಲ್ಲ. ಘಟಕದ ವಾಹನಕ್ಕೇ ಕೊಡಬೇಕು. ದಿನಕ್ಕೆ ಹತ್ತು ಸೂಜಿ ಎಂದರೆ ವರ್ಷಕ್ಕೆ ಮೂರು ಸಾವಿರಕ್ಕೂ ಮೇಲು ಎಂದು ನಮ್ಮ ಪಕ್ಕದಲ್ಲಿದ್ದ ದಾದಿಯೊಬ್ಬರು ಲೆಕ್ಕ ಹಾಕಿ ಹೇಳಿದಾಗ ಕೇಳಿದವರು ತಲೆದೂಗಿದರು.

1998ರ ನಿಯಮದಲ್ಲಿ ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಆಳವಾದ ಗುಂಡಿ ತೋಡಿ ಹೂಳಲು ಅವಕಾಶವಿತ್ತು. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ, ಹರಿಹರದ್ದು ಅದಕ್ಕಿಂತ ಬಹಳ ಕಡಿಮೆ. ಈಗ ಆ ಅವಕಾಶವು ಘಟಕದ ಸೇವೆ ತಲುಪದ ದೂರದ ಹಳ್ಳಿಗಾಡಿಗೆ ಮಾತ್ರ ಉಳಿದಿದೆ. ಹೊಳೆಯ ದಂಡೆಯಲ್ಲಿರುವ ಊರಿಗೆ ಇದರ ಮಹತ್ತ್ವ ತಟ್ಟನೆ ಹೊಳೆಯುತ್ತದೆ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತಾರೆ. ಸೂಳೆಕೆರೆಯಿಂದ ಇಳಿದ ಹರಿದ್ರೆಯೂ ಇಲ್ಲಿಯೇ ಸೇರುತ್ತಾಳೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ಈ ಹೊಳೆಯಿಂದ ಎತ್ತಿದ ನೀರು ದಾವಣಗೆರೆಯ ನಲ್ಲಿಗಳಿಗೆ ಹೋಗುತ್ತದೆ. ಮುಂದೆ ಹೊಸಪೇಟೆಯ ಅಣೆಕಟ್ಟೆಯವರೆಗೆ ದಂಡೆಯುದ್ದಕ್ಕೂ ಜನ ಇದನ್ನೇ ನಂಬಿದ್ದಾರೆ. ಹಳ್ಳದ ಬದಿಗೆ ಎಸೆದ ಚೀಲವನ್ನು ಮಳೆಗಾಲ ಬಂದಾಗ ಹಳ್ಳವು ಹೊಳೆಗೆ ಒಪ್ಪಿಸುತ್ತದೆ.

ಎಸೆದದ್ದು ಎಸೆದಲ್ಲಿಯೇ ಇರುವುದಿಲ್ಲ ಎಂಬುದಕ್ಕೆ ಇನ್ನೂ ಕಠೋರವಾದ ನಿದರ್ಶನವುಂಟು. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತ ಹೆಪಟೈಟಿಸ್ ಬಿ ಹರಡಿ ಹಲವಾರು ಮಂದಿ ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಕಾರಣವೆಂದು ಕಂಡುಬಂತು. ಆಸ್ಪತ್ರೆಯ ಕಸದ ಸಿರಿಂಜುಗಳು ಗುಜರಿಯ ಮೂಲಕ ಮರಳಿ ಮಾರಾಟಕ್ಕೆ ಬರುತ್ತಿದ್ದುದೂ ಆಗಲೇ ಬೆಳಕಿಗೆ ಬಂತು. 2000ನೆಯ ವರ್ಷವೊಂದರಲ್ಲಿಯೇ ಜಗತ್ತಿನಲ್ಲಿ ಅಶುದ್ಧ ಸಿರಿಂಜುಗಳಿಂದ 2 ಕೋಟಿ 10 ಲಕ್ಷ ಜನರಿಗೆ ಹೆಪಟೈಟಿಸ್ ಬಿ ತಗಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸೂಜಿಯನ್ನು ಕತ್ತರಿಸುವ ಯಂತ್ರವನ್ನು ದಾದಿಯ ಕೈಗೆಟಕುವಲ್ಲಿ ಇಡಬೇಕೆನ್ನುವುದು ಇದಕ್ಕಾಗಿಯೇ. ಕತ್ತರಿಸಿದ ಸೂಜಿ ಯಾರ ಪೇಟೆಗೂ ಹೋಗದು. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ದಾದಿಯರೇ ಬೆರಳು ಚುಚ್ಚಿಕೊಳ್ಳುವುದೂ ಇದರಿಂದ ತಪ್ಪುತ್ತದೆ.

2020 ಮತ್ತು 2021ರ ಕೋವಿಡ್ ಕಾಲವನ್ನು ಯಾರು ಮರೆತಾರು? 2021ರ ಮೇ ತಿಂಗಳಲ್ಲಿ ದೇಶದಲ್ಲಿ ಕೋವಿಡ್ ಕಸವೇ ದಿನಕ್ಕೆ ಸುಮಾರು 200 ಟನ್ ಹುಟ್ಟುತ್ತಿತ್ತು. ಬಂಧುಗಳೂ ಹತ್ತಿರ ಹೋಗಲು ಅಂಜುತ್ತಿದ್ದ ದಿನಗಳಲ್ಲಿ ಆ ಹಳದಿ ಚೀಲಗಳನ್ನು ಎರಡೆರಡು ಪದರ ಕಟ್ಟಿ ಹೊತ್ತು ಸಾಗಿಸಿದವರು ಈ ಕೊನೆಯ ಕೈಯವರೇ. ಅಂದು ನಾವು ಅವರಿಗೆ ಹೂಮಾಲೆ ಹಾಕಿದೆವು, ಚಪ್ಪಾಳೆ ತಟ್ಟಿದೆವು. ಶರಣರು ಕಾಯಕಗಳಲ್ಲಿ ಮೇಲು ಕೀಳು ಎಣಿಸಲಿಲ್ಲವೆಂದು ವೇದಿಕೆಯ ಮೇಲೆ ನಾವೆಲ್ಲರೂ ಹೇಳುತ್ತೇವೆ. ಕಸ ಎತ್ತುವವರ ಕಾಯಕಕ್ಕೆ ಗೌರವವೆಂದರೆ ಮೂರು ಚುಚ್ಚುಮದ್ದು, ದಪ್ಪನೆಯ ಕೈಗವಸು, ಗಟ್ಟಿಯಾದ ಬೂಟು, ಸೂಜಿ ಇಲ್ಲದ ಹಳದಿ ಚೀಲ. ಹೂಮಾಲೆ ಆಮೇಲೆ ಬಂದರೂ ಸರಿ.

ಹಾಗಾದರೆ ತರಬೇತಿ ಹೇಗಿರಬೇಕು? ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಎಲ್ಲರಿಗೂ ಕೊಡಬೇಕೆಂಬುದು ನಿಯಮ. ಆದರೆ ಗುತ್ತಿಗೆಯವರು ಆರು ತಿಂಗಳಿಗೊಮ್ಮೆ ಬದಲಾಗುವಾಗ, ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಡೆಯುವ ಪಾಠ ಯಾರಿಗೆ ತಲುಪೀತು? ಹೊಸಬರಿಗೆ ಮೊದಲ ದಿನವೇ, ಪೊರಕೆ ಕೊಡುವ ಮೊದಲೇ ಕಲಿಸಬೇಕು. ವಾರ್ಡಿನಲ್ಲಿ, ಡಬ್ಬಿಗಳ ಮುಂದೆ ನಿಲ್ಲಿಸಿ, ಅವರ ಮಾತಿನಲ್ಲಿ ಕಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವೈದ್ಯರೂ ದಾದಿಯರೂ ಗುಡಿಸುವವರೂ ಒಂದೇ ಸಾಲಿನಲ್ಲಿ ಕುಳಿತು ಕಲಿಯಬೇಕು. ಹರಿಹರದಲ್ಲಿ ನಮ್ಮ ಶಿಷ್ಯರು ಹಾಗೆಯೇ ಮಾಡಿದರು. ಮೀಸಲು ಕುರ್ಚಿಗಳನ್ನು ತೆಗೆಸಿ, ಪ್ರತಿ ಚಿಕಿತ್ಸಾಲಯದ ವೈದ್ಯರೂ ಸಹಾಯಕರೂ ಜೊತೆಯಾಗಿಯೇ ಬರಬೇಕೆಂದು ತಿಳಿಸಿದ್ದರು. ಮೇಜಿನ ಬಳಿಗೆ ಇಬ್ಬರನ್ನೂ ಒಟ್ಟಿಗೆ ಕರೆದರು. ಒಂದೆರಡು ಕಡೆ ಸಹಾಯಕರು ವೈದ್ಯರನ್ನು ತಿದ್ದಿದ್ದೂ ಉಂಟು. ವೈದ್ಯರು ನಕ್ಕು ತಿದ್ದಿಕೊಂಡರು. ಅಷ್ಟು ಸಲಿಗೆ ಬೆಳೆದರೆ, ನಾಳೆ ಸೂಜಿ ಚುಚ್ಚಿದಾಗ ಹೇಳಿಕೊಳ್ಳಲು ಯಾರೂ ಹೆದರರು.

ಶ್ರೀಮಠಕ್ಕೆ ಸಂಬಂಧಿಸಿದ ಮಾತೊಂದಿದೆ. ಜಾತ್ರೆ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ಭಕ್ತರು ಉಚಿತ ತಪಾಸಣೆ, ರಕ್ತದಾನ ಶಿಬಿರಗಳನ್ನು ನಡೆಸುತ್ತಾರೆ. ಬಹಳ ಒಳ್ಳೆಯ ಕೆಲಸ. ಇನ್ನು ಮುಂದೆ ನಮ್ಮ ಅಂಗಳದಲ್ಲಿ ಶಿಬಿರ ಮಾಡಬಯಸುವವರು ಸೂಜಿಯ ಡಬ್ಬಿ ತರುವವರಾರು, ಸಂಜೆ ಅದನ್ನು ಯಾವ ಘಟಕಕ್ಕೆ ಒಪ್ಪಿಸುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಪೆಂಡಾಲು ಹಾಕಬೇಕೆಂದು ಗೊತ್ತುಮಾಡಿದ್ದೇವೆ. ದಾಸೋಹದ ಎಲೆ ಎತ್ತುವ ವ್ಯವಸ್ಥೆಯಿಲ್ಲದೆ ಪಂಕ್ತಿಗೆ ಕೂರಿಸುವ ಪರಿಪಾಠ ನಮ್ಮಲ್ಲಿಲ್ಲ; ಇದೂ ಹಾಗೆಯೇ.

ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ನಿಮ್ಮಲ್ಲಿ ಅನೇಕರಿದ್ದೀರಿ. ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಹಾಕಿದರೆ ಬೆಳಿಗ್ಗೆ ಅದು ಪೌರಕಾರ್ಮಿಕರ ಕೈಗೆ ಹೋಗುತ್ತದೆ. ಮುಚ್ಚಳವಿರುವ ದಪ್ಪನೆಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಿರಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಮೇಲೆ ಸೂಜಿ ಎಂದು ಬರೆದು, ನೀವು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುವರೇ ಎಂದು ಕೇಳಿ ಒಪ್ಪಿಸಿರಿ. ಹಾಗಾಗದಿದ್ದಲ್ಲಿ ಕಸದ ಗಾಡಿಯವರಿಗೆ ಬೇರೆಯಾಗಿ, ಇದರಲ್ಲಿ ಸೂಜಿ ಇದೆಯೆಂದು ಬಾಯಿಬಿಟ್ಟು ಹೇಳಿ ಕೊಡಿರಿ.

ಆಸ್ಪತ್ರೆಗಳ ಆಡಳಿತದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೊನೆಯದಾಗಿ ಒಂದು ಕೋರಿಕೆ. ಈ ಸಂಚಿಕೆ ಕೈಗೆ ಬಂದ ವಾರದಲ್ಲಿ ನಿಮ್ಮ ಆಸ್ಪತ್ರೆಯಲ್ಲಿ ಕಸ ಎತ್ತುವವರನ್ನು ಕರೆದು, ಕೂರಿಸಿ, ಲಸಿಕೆ ಆಗಿದೆಯೇ, ಎಂದಾದರೂ ಸೂಜಿ ಚುಚ್ಚಿದೆಯೇ ಎಂದು ಕೇಳಿರಿ. ಉತ್ತರ ಏನೇ ಬಂದರೂ ಯಾರ ಕೆಲಸವೂ ಹೋಗುವುದಿಲ್ಲವೆಂದು ಮೊದಲೇ ಮಾತು ಕೊಟ್ಟು ಕೇಳಿರಿ. ಮುಂದಿನ ತರಬೇತಿಯ ದಿನ ಮುಂದಿನ ಸಾಲಿನಲ್ಲಿ ನೀವೇ ಕುಳಿತಿರಿ. ನಿಮ್ಮಲ್ಲಿ ಏನೇನು ಬದಲಾಯಿತೆಂದು ಬರೆದು ತಿಳಿಸಿದರೆ ಇತರರಿಗೂ ಮಾದರಿಯಾಗುವಂತೆ ಇದೇ ಪತ್ರಿಕೆಯಲ್ಲಿ ಪ್ರಕಟಿಸಲು ಸಂಪಾದಕರಿಗೆ ಸೂಚಿಸಿದ್ದೇವೆ.